ಮೂರನೆಯ ಮೆಟ್ಟಿಲು

ಹನೂರು ದಾಟಿದ ಮೇಲೆ ಬಸ್ಸು ಅರ್ಧ ಖಾಲಿಯಾಯಿತು. ಯಶೋದ ಕಿಟಕಿಯ ಪಕ್ಕಕ್ಕೆ ಸರಿದು ಕೂತಳು. ಮೂರು ದಿನದಿಂದ ಎಲ್ಲ ತೀರ್ಮಾನವಾಗಿದೆ ಎಂದುಕೊಂಡಿದ್ದಳು. ಈಗ ಹೊರಗಿನ ಬಿಸಿಲು ತೊಡೆಯ ಮೇಲೆ ಬಿದ್ದು ಚುರುಗುಟ್ಟತೊಡಗಿದಾಗ ಏನೂ ತೀರ್ಮಾನವಾಗಿಲ್ಲವೆಂದು ಗೊತ್ತಾಯಿತು. ಬೆಳಿಗ್ಗೆ ಗಂಡ ಬಸವೇಶ ಕುಂತೂರಿನ ಫ್ಯಾಕ್ಟರಿಗೆ ಹೋಗುವ ಮುಂಚೆ ಬೈಕಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಟ್ಟಿದ್ದ. ‘ಅದೇನು ಕೋರ್ಟಾ? ನಾಡಿ ನೋಡ್ದೆ, ಇರ್ಲಿಲ್ಲ ಅಂತ ಏಳ್ಬುಟ್ಟು ಬಾ. ಅವರಿಗೂ ಖುಷಿ, ನಿಂಗೂ ಪುಣ್ಯ’ ಎಂದು ಹೇಳಿ, ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡು ಹೋಗಿದ್ದ. ಅವನಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಎರಡು ವರ್ಷ ಒಂದು ವಿಷಯ ಒಬ್ಬರಿಗೇ ಗೊತ್ತಿದ್ದರೆ ಅದು ನಡೆದದ್ದೇ ಅಲ್ಲವೇನೋ ಅನ್ನಿಸತೊಡಗುತ್ತದೆ. ಎಷ್ಟೋ ಸಲ ಅವಳು ನಿಜವಾಗಿ ಮೆಟ್ಟಿಲಿಳಿದು, ಟೆಂಪೋದ ಹಿಂಬದಿಗೆ ಬಗ್ಗಿ, ಆ ಮನುಷ್ಯನ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟ ಹಾಗೆಯೇ ನೆನಪಾಗುತ್ತಿತ್ತು. ಬೆರಳ ತುದಿಗೆ ಒದ್ದೆ ಚರ್ಮದ ತಂಪೂ ನೆನಪಾಗುತ್ತಿತ್ತು. ಮುಟ್ಟದೇ ಇದ್ದದ್ದರ ತಂಪು ಹೇಗೆ ನೆನಪಿರುತ್ತದೆ ಎಂದು ಆಮೇಲೆ ಹೆದರಿಕೆಯಾಗುತ್ತಿತ್ತು.

ಅವಳು ಆಗ ನರ್ಸಾಗಿ ಕೆಲಸ ಮಾಡುತ್ತಿದ್ದದ್ದು ಹನೂರಿನಾಚೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ. ಹೋದ ವರುಷದ ಹಿಂದಿನ ವರುಷ, ಮೇ ತಿಂಗಳ ಒಂದು ಸೋಮವಾರ, ಡಾಕ್ಟರು ಕೊಳ್ಳೇಗಾಲಕ್ಕೆ ಮೀಟಿಂಗಿಗೆ ಹೋಗಿದ್ದರು. ಸಂಜೆ ನಾಲ್ಕಕ್ಕೆ ಮೋಡ ಕವಿದು ಗುಡುಗು ಶುರುವಾಯಿತು. ಕ್ರೈಸ್ತರ ಕೇರಿ ಸೂಸೈಪಾಳ್ಯದ ಸವರಿಮುತ್ತು ಮತ್ತು ಅವನ ಹೆಂಡತಿ ಹೊಲದಲ್ಲಿ ಮುಸುಕಿನ ಜೋಳದ ಕಡ್ಡಿ ಆಯುತ್ತಿದ್ದವರು ಮಳೆ ಬಂತೆಂದು ಹುಣಸೆ ಮರದ ಬುಡಕ್ಕೆ ಓಡಿದ್ದರು. ಸಿಡಿಲು ಆ ಮರಕ್ಕೇ ಬಡಿಯಿತು. ಇಬ್ಬರನ್ನೂ ಟೆಂಪೋದಲ್ಲಿ ಹಾಕಿಕೊಂಡು ಆಸ್ಪತ್ರೆಯ ಬಾಗಿಲಿಗೆ ತಂದರು. ಟಾರ್ಪಾಲಿನ ಕೆಳಗೆ ಎರಡು ದೇಹಗಳು. ಯಶೋದ ಒಳಗಿನಿಂದ ಬಂದು ಮೆಟ್ಟಿಲ ಮೇಲೆ ನಿಂತಳು. ಐದು ಮೆಟ್ಟಿಲು, ಅವಳು ಇಳಿದದ್ದು ಎರಡು. ಮೂರನೆಯದರಲ್ಲಿ ನಿಂತು ನೋಡಿದಳು. ಕಪ್ಪಗಾದ ಪಾದ, ಅರ್ಧ ತೆರೆದ ಕಣ್ಣು, ಹೆಂಗಸಿನ ಸುಟ್ಟ ಕೂದಲ ವಾಸನೆ. ‘ನೋಡಿ ತಾಯಿ, ನೋಡಿ’ ಎಂದು ಯಾರೋ ಅಂದರು. ‘ನೋಡೋಕೇನೈತೆ, ಎರಡೂ ಓಗವೆ. ಪೋಸ್ಟ್‌ಮಾರ್ಟಮ್‌ಗೆ ಕೊಳ್ಳೇಗಾಲಕ್ಕೆ ತಕಂಡೋಗಿ’ ಎಂದಳು. ‘ಎರಡೂ’ ಎಂದಿದ್ದಳು, ‘ಇಬ್ಬರೂ’ ಎಂದಿರಲಿಲ್ಲ. ಆ ಒಂದು ಪದದ ವ್ಯತ್ಯಾಸ ಎರಡು ವರ್ಷ ಅವಳ ನಾಲಿಗೆಯ ಮೇಲೆ ಮುಳ್ಳಿನಂತೆ ಕೂತಿತ್ತು. ಒಳಗೆ ಹೋಗಿ ರಿಜಿಸ್ಟರಿನಲ್ಲಿ ಬರೆದಳು: ನಾಡಿ ಇಲ್ಲ, ಉಸಿರಿಲ್ಲ, ಕಣ್ಣಿನ ಪಾಪೆ ಹಿಗ್ಗಿದೆ. ಅಕ್ಷರ ದುಂಡಗಿತ್ತು.

ಟೆಂಪೋ ಕೊಳ್ಳೇಗಾಲಕ್ಕೆ ಹೋಗಲಿಲ್ಲ. ಮೊದಲು ಫಾದರ್ ಕೈಲಿ ಪ್ರಾರ್ಥನೆ ಮಾಡಿಸೋಣವೆಂದು ಪಾಳ್ಯಕ್ಕೇ ತಿರುಗಿಸಿದರು. ಇಬ್ಬರನ್ನೂ ಗುಡಿಯ ಮುಂದಿದ್ದ, ಹಿಂದಿನ ಕಾಲದ ಇಬ್ಬರು ಪಾದ್ರಿಗಳ ಸಮಾಧಿ ಕಲ್ಲಿನ ಮೇಲೆ ಮಲಗಿಸಿದರು. ಊರೆಲ್ಲ ಸೇರಿ ಜಪ ಮಾಡುತ್ತಿದ್ದಾಗ, ಮಳೆ ನಿಂತ ಹೊತ್ತಿಗೆ, ಸವರಿಮುತ್ತು ಬೆರಳು ಆಡಿಸಿದ. ಆಮೇಲೆ ಕಣ್ಣು ಬಿಟ್ಟ. ಅವನ ಹೆಂಡತಿ ಬಿಡಲಿಲ್ಲ. ಮಾರನೆಯ ದಿನ ಪಾಳ್ಯದ ಫಾದರ್ ಉದಯಕುಮಾರ್ ಆಸ್ಪತ್ರೆಗೆ ಬಂದು ಡಾಕ್ಟರ ಎದುರಿಗೇ, ‘ಸಿಸ್ಟರ್, ನೀವೇ ಪರೀಕ್ಷೆ ಮಾಡಿ ಪ್ರಾಣ ಹೋಗಿದೆ ಅಂದ್ರಂತೆ, ಹೌದಾ?’ ಎಂದು ಕೇಳಿದ್ದರು. ಡಾಕ್ಟರು ಅವಳ ಮುಖ ನೋಡುತ್ತಿದ್ದರು. ‘ಹೌದು, ನಾಡಿ ನೋಡಿದೆ, ಇರಲಿಲ್ಲ’ ಎಂದಳು. ಅಷ್ಟು ಸಲೀಸಾಗಿ ಬಂದಿತ್ತು ಮಾತು. ಅಲ್ಲಿಂದ ಅದು ಅವಳ ಕೈ ಬಿಟ್ಟು ಬೆಳೆಯಿತು. ಪತ್ರಿಕೆಯಲ್ಲಿ ಬಂತು, ಮಾತಿನ ನಡುವೆ ಅವಳ ಹೆಸರೂ ಬಂತು. ಪಾಲಾರ್ ಕಡೆಯಿಂದ ತಮಿಳರು ವ್ಯಾನು ಮಾಡಿಕೊಂಡು ಬರತೊಡಗಿದರು. ಸಂತೆಯಲ್ಲಿ ಗುರುತಿಲ್ಲದ ಹೆಂಗಸರು ‘ಇವರೇ ನೋಡು, ಸತ್ತದ್ದು ಕಣ್ಣಾರೆ ಕಂಡ ನರ್ಸಮ್ಮ’ ಎಂದು ತೋರಿಸುತ್ತಿದ್ದರು. ಈಗ ಆ ಇಬ್ಬರು ಪಾದ್ರಿಗಳಿಗೆ ಸಂತ ಪದವಿ ಕೊಡಬೇಕೆಂದು ಅರ್ಜಿ ಹೋಗಿದೆಯಂತೆ. ಪವಾಡವೊಂದು ಸಾಬೀತಾಗಬೇಕಂತೆ. ಅದಕ್ಕೆ ಮೈಸೂರಿನಿಂದ ಮೂರು ಜನ ಬಂದು ಎರಡು ದಿನದಿಂದ ಪಾಳ್ಯದಲ್ಲಿ ಕೂತು ಸಾಕ್ಷಿ ಬರೆದುಕೊಳ್ಳುತ್ತಿದ್ದರು.

ಸೂಸೈಪಾಳ್ಯದ ಗೇಟಿನಲ್ಲಿ ಇಳಿದಾಗ ಹನ್ನೊಂದಾಗಿತ್ತು. ಸಮಾಧಿ ಇರುವ ಗುಡಿಯವರೆಗೆ ಅರ್ಧ ಮೈಲಿ ಮಣ್ಣು ರಸ್ತೆ, ಎರಡೂ ಕಡೆ ಲಂಟಾನ, ಆಚೆ ಕಾಡಿನ ತಂತಿ ಬೇಲಿ. ಯಶೋದ ಕೊಡೆ ಬಿಚ್ಚಿದಳು. ಈ ಕಡೆಯ ಒಕ್ಕಲು ಊರಿನವರು ಇದನ್ನು ‘ಎರಡು ಸಾಮಿ ಗುಡಿ’ ಎನ್ನುತ್ತಾರೆ; ಮಕ್ಕಳಿಗೆ ಜ್ವರ ಬಂದರೆ ಅವರೂ ಬಂದು ಮೇಣದ ಬತ್ತಿ ಹಚ್ಚಿ ಹೋಗುತ್ತಾರೆ, ಆದರೆ ಪಾಳ್ಯದ ಮನೆಗಳಲ್ಲಿ ನೀರು ಕುಡಿಯುವುದಿಲ್ಲ. ಆ ಇಬ್ಬರು ಪಾದ್ರಿಗಳು ನೂರೆಂಬತ್ತು ವರ್ಷದ ಹಿಂದೆ ಫ್ರಾನ್ಸಿನಿಂದ ಬಂದಿದ್ದರಂತೆ, ಪೀರ್ ಸ್ವಾಮಿ ಮತ್ತು ಲೂಯಿ ಸ್ವಾಮಿ. ಕಾಲರಾ ಬಂದ ವರ್ಷ, ಹೊರಗಿನಿಂದ ಮುಳ್ಳು ಬಡಿದು ಮುಚ್ಚಿದ್ದ ಗುಡಿಸಲುಗಳ ಬಾಗಿಲು ತೆಗೆದು ಒಳಗಿದ್ದವರನ್ನು ಹೆಗಲ ಮೇಲೆ ಹೊತ್ತು ತಂದರಂತೆ. ಹೆಣ ಮುಟ್ಟಿದ ಕೈಯಲ್ಲೇ ಬಾವಿ ಮುಟ್ಟಿದರೆಂದು ಸುತ್ತಲಿನವರು ಕೆರೆ ಏರಿಯ ಮೇಲೆ ಅಟ್ಟಾಡಿಸಿ ಕಲ್ಲಿನಿಂದ ಹೊಡೆದು ಕೊಂದರಂತೆ. ಇದನ್ನೆಲ್ಲ ಗುಡಿಯ ಗೋಡೆಗೆ ಕನ್ನಡದಲ್ಲೂ ತಮಿಳಿನಲ್ಲೂ ಕೆತ್ತಿಸಿದ್ದಾರೆ. ಕೊಂದವರು ಯಾವ ಊರಿನವರು, ಯಾವ ಜನ ಎಂದು ಮಾತ್ರ ಕೆತ್ತಿಸಿಲ್ಲ. ಮೊದಲ ಸಲ ಓದಿದಾಗ ಯಶೋದಳಿಗೆ ತನ್ನ ತಾಯಿ ನೆನಪಾಗಿದ್ದಳು. ಯಳಂದೂರಿನ ಹತ್ತಿರದ ತೌರಿನಲ್ಲಿ, ಹಿತ್ತಿಲ ಬಾಗಿಲಲ್ಲಿ ನಿಂತು, ಕೆಳಗೆ ಕೂತ ಕೂಲಿಯವರ ಬೊಗಸೆಗೆ ಮೇಲಿನಿಂದ ಮಜ್ಜಿಗೆ ಹೊಯ್ಯುತ್ತಿದ್ದ ಅವ್ವ ಒಳ್ಳೆಯವಳು. ಯಾರನ್ನೂ ಬರಿ ಹೊಟ್ಟೆಯಲ್ಲಿ ಕಳಿಸಿದವಳಲ್ಲ. ಒಂದು ಹನಿ ತನ್ನ ಕಡೆಗೆ ಸಿಡಿಯದ ಹಾಗೆ ಹೊಯ್ಯುವುದು ಅವಳಿಗೆ ಗೊತ್ತಿತ್ತು. ಹಾಗೆ ಹೊಯ್ಯಲು ಎಷ್ಟು ಎತ್ತರ ಬೇಕು ಎನ್ನುವುದು ಯಶೋದಳ ಮೈಗೂ ಗೊತ್ತಿತ್ತು. ಯಾರೂ ಹೇಳಿಕೊಟ್ಟಿರಲಿಲ್ಲ.

ನರ್ಸಿಂಗ್ ಓದುವಾಗ, ಹೆರಿಗೆ ವಾರ್ಡಿನಲ್ಲಿ, ಸಾವಿರ ಮೈ ಮುಟ್ಟಿದ್ದಾಳೆ. ಪಾಳ್ಯದ ಹೆಂಗಸರ ಹೆರಿಗೆ ಮಾಡಿಸಿದ್ದಾಳೆ, ಕೈಗವಸು ಹಾಕಿಕೊಂಡು. ಹಾಗಾದರೆ ಆವತ್ತು ಯಾಕೆ ಇಳಿಯಲಿಲ್ಲ? ಸೋಮವಾರ ಒಪ್ಪತ್ತು ಇದ್ದೆ, ಡ್ಯೂಟಿ ಮುಗಿಸಿ ಪೂಜೆಗೆ ಕೂರಬೇಕಿತ್ತು, ಹೆಣ ಮುಟ್ಟಿದರೆ ಮತ್ತೆ ಸ್ನಾನ ಅಂತ. ಡಾಕ್ಟರಿಲ್ಲದಾಗ ಸಾವಿನ ಕೇಸು ಮೈಮೇಲೆ ಎಳೆದುಕೊಳ್ಳಬಾರದು ಅಂತ. ಮಳೆ ಇತ್ತು ಅಂತ. ಎಲ್ಲ ಕಾರಣಗಳೂ ನಿಜವೇ. ಆದರೆ ಟೆಂಪೋದಲ್ಲಿ ತನ್ನ ಬೀದಿಯವರು ಮಲಗಿದ್ದರೆ ಮಿಕ್ಕ ಮೆಟ್ಟಿಲು ಇಳಿಯುತ್ತಿದ್ದೆನೇ ಎಂದು ಕೇಳಿಕೊಂಡರೆ, ಉತ್ತರ ಬರುವ ಮುಂಚೆಯೇ ಕಾಲು ಇಳಿದುಬಿಡುತ್ತಿತ್ತು.

ಗುಡಿಯ ಮುಂದೆ ಹತ್ತಿಪ್ಪತ್ತು ಜನ ಇದ್ದರು. ಸಮಾಧಿ ಕಲ್ಲಿನ ಸುತ್ತ ಈಗ ಕಬ್ಬಿಣದ ಕಟಕಟೆ, ಮೇಲೆ ಶೀಟು. ಫಾದರ್ ಉದಯಕುಮಾರ್ ಓಡಿ ಬಂದು, ‘ಬನ್ನಿ ಸಿಸ್ಟರ್, ನಿಮ್ಮದೇ ಮುಖ್ಯ ಸಾಕ್ಷಿ. ಒಳಗೆ ಒಬ್ಬರದು ನಡೀತಿದೆ, ಅರ್ಧ ಗಂಟೆ’ ಎಂದು ಅವಳನ್ನು ಫಾದರ್ ಮನೆಯ ಪಕ್ಕದ ಬೇವಿನ ಮರದ ಕೆಳಗೆ ಕೂರಿಸಿ ಹೋದರು. ಅಲ್ಲಿ ಕಲ್ಲು ಬೆಂಚಿನ ಇನ್ನೊಂದು ತುದಿಯಲ್ಲಿ ಸವರಿಮುತ್ತು ಕೂತಿದ್ದ. ಬದುಕಿ ಬಂದವನ ಮುಖದಲ್ಲಿ ಏನೋ ಇರುತ್ತದೆಂದು ಜನ ಅವನನ್ನು ನೋಡಲು ಬರುತ್ತಾರೆ. ಅವನ ಮುಖದಲ್ಲಿ ಏನೂ ಇರಲಿಲ್ಲ. ಐವತ್ತರ ಹತ್ತಿರದ ಒಣಕಲು ಮನುಷ್ಯ. ಬಲಗಾಲು ಎಳೆಯುತ್ತಿತ್ತು, ಎಡಗಿವಿ ಪೂರ್ತಿ ಹೋಗಿತ್ತು. ಇಷ್ಟು ದಿನ ಯಶೋದ ಅವನನ್ನು ಕಂಡರೆ ರಸ್ತೆ ಬದಲಿಸುತ್ತಿದ್ದಳು. ಈಗ ಬದಲಿಸಲು ರಸ್ತೆ ಇರಲಿಲ್ಲ.

‘ಊಟ ಆಯ್ತಾ ಸಿಸ್ಟರಮ್ಮ?’ ಎಂದ.

‘ಆಯ್ತು. ನಿಮ್ಮ ಸಾಕ್ಷಿ?’

‘ನೆನ್ನೇನೇ ಆಯ್ತು. ಎರಡು ಗಂಟೆ ಕೂರ್ಸ್ಕಂಡಿದ್ರು.’

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಒಳಗೆ ಹೋಗಿ ಸುಳ್ಳು ಹೇಳುವುದಾದರೆ ಈ ಮನುಷ್ಯನಿಗೊಬ್ಬನಿಗಾದರೂ ಮುಂಚೆ ನಿಜ ಹೇಳಿಬಿಡಬೇಕು ಅನ್ನಿಸಿತು. ಅಥವಾ ಒಳಗೆ ನಿಜ ಹೇಳುವುದಾದರೆ ಇವನಿಗೆ ಬೇರೆಯವರ ಬಾಯಲ್ಲಿ ಗೊತ್ತಾಗಬಾರದು ಅನ್ನಿಸಿತು. ಯಾವುದು ಎಂದು ತಿಳಿಯದೆಯೇ ಬಾಯಿ ತೆರೆದಳು.

‘ಸವರಿಮುತ್ತು, ನಿಮ್ಮತ್ರ ಒಂದು ಮಾತು ಏಳ್ಬೇಕು. ಆವತ್ತು ಆಸ್ಪತ್ರೆ ಬಾಗ್ಲಲ್ಲಿ ನಾನು...’

ಅವನು ಬಲಗಿವಿ ಅವಳ ಕಡೆ ತಿರುಗಿಸಿದ. ಆಮೇಲೆ ಕೇಳುವ ಅಗತ್ಯವಿಲ್ಲವೆಂಬಂತೆ ಮತ್ತೆ ನೇರವಾಗಿ ಕೂತ.

‘ಮುಟ್ಲಿಲ್ಲ. ಗೊತ್ತು’ ಎಂದ.

ಬೇವಿನ ಎಲೆಯೊಂದು ಅವಳ ಮಡಿಲಿಗೆ ಬಿತ್ತು. ಅದನ್ನು ತೆಗೆದು ಹಾಕಲು ಅವಳಿಗೆ ತುಂಬ ಹೊತ್ತು ಹಿಡಿಯಿತು.

‘ಕೈಕಾಲು ಆಡ್ತಿರ್ಲಿಲ್ಲ. ಕಣ್ಣು ತೆರ್ದೇ ಇತ್ತು, ಮುಚ್ಚಕ್ಕಾಗ್ತಿರ್ಲಿಲ್ಲ. ಆದ್ರೆ ಕೇಳ್ತಿತ್ತು. ಈ ಕಿವೀಲಿ. ನೀವು ಮೆಟ್ಲ ಮೇಲಿಂದ ಏಳಿದ್ದು ಕೇಳ್ತು. ಎರಡೂ ಓಗವೆ ಅಂದ್ರಿ.’ ಅವನ ದನಿಯಲ್ಲಿ ಆಪಾದನೆ ಇರಲಿಲ್ಲ. ಬಸ್ಸಿನ ಟೈಮು ಹೇಳುವವನಂತಿದ್ದ. ‘ಅವಳು ನನ್ನ ಬಲಗಡೀಕೆ ಮಲಗಿದ್ಲು. ಅದೂ ಕೇಳ್ತಿತ್ತು.’

‘ಏನು?’

‘ಉಸ್ರು.’

ಯಶೋದಳಿಗೆ ತನ್ನ ಎರಡೂ ಅಂಗೈಗಳು ಎಲ್ಲಿವೆಯೆಂದು ಗೊತ್ತಾಗಲಿಲ್ಲ. ಸಿಡಿಲು ಹೊಡೆದವರಲ್ಲಿ ಎಷ್ಟೋ ಸಲ ಕೈಕಾಲಿಗೆ ರಕ್ತ ಹರಿಯುವುದು ನಿಂತು ತಾನೇ ಸರಿಹೋಗುತ್ತದೆಂದು, ಉಸಿರು ಕುಂದಿದವರಿಗೆ ತಕ್ಷಣ ಉಸಿರು ಕೊಟ್ಟರೆ ಉಳಿಯುತ್ತಾರೆಂದು, ಅವಳು ಆಮೇಲೆ ಫೋನಿನಲ್ಲಿ ಓದಿದ್ದಳು. ಒಮ್ಮೆ ಮಾತ್ರ ಓದಿ ಅಳಿಸಿದ್ದಳು. ಆವತ್ತು ಮೆಟ್ಟಿಲ ಮೇಲೆ ನಿಂತಿದ್ದಾಗ ಅವಳ ಹಿಂದೆ, ಹತ್ತು ಹೆಜ್ಜೆಯಲ್ಲಿ, ಆಸ್ಪತ್ರೆಯ ಗೋಡೆಗೆ ಉಸಿರು ಕೊಡುವ ರಬ್ಬರಿನ ಚೀಲ ತೂಗುಬಿದ್ದಿತ್ತು.

‘ಯಾಕೆ ಇಷ್ಟು ದಿವ್ಸ ಯಾರ್ಗೂ ಏಳ್ಲಿಲ್ಲ?’ ಎಂದಳು. ಕೇಳಿದ ಮೇಲೆ, ಹೀಗೆ ಕೇಳಲು ತನಗೆಷ್ಟು ಧೈರ್ಯ ಎಂದು ನಾಚಿಕೆಯಾಯಿತು.

‘ಏನಂತ ಏಳ್ಲಿ? ನಾನು ಕಣ್ಬಿಟ್ಟಾಗ ಊರೆಲ್ಲ ಮಂಡಿ ಊರ್ಕಂಡು ಅಳ್ತಿತ್ತು. ಸಾಮಿಗಳು ಎಬ್ಬುಸಿದ್ರು ಅಂತು. ಸರಿ, ಅವ್ರೇ ಎಬ್ಬುಸಿರ್ಬೈದು. ನನ್ನ ಎಬ್ಬುಸಿದ್ರು, ಅವಳ್ನ ಕರ್ಕಂಡ್ರು. ಮಗ್ಳಿಗೆ ಅಂಗೇ ಏಳಿವ್ನಿ. ಕೊಳ್ಳೇಗಾಲ್ದಲ್ಲಿ ಹಾಸ್ಟೆಲ್ನಲ್ಲವ್ಳೆ, ಪ್ರತಿ ಭಾನುವಾರ ಬಂದು ಕಲ್ಲು ತೊಳೀತಾಳೆ. ಇಲ್ಲಾಂದ್ರೆ ಅವ್ಳಿಗೆ ಏನಂತ ಏಳ್ಲಿ? ನಿಮ್ಮವ್ವ ಉಸ್ರಾಡ್ತಿದ್ಲು, ನಾನು ಪಕ್ಕದಲ್ಲೇ ಬಿದ್ಕಂಡು ಕೇಳ್ತಿದ್ದೆ ಅಂತ್ಲಾ?’ ಅವನು ಊರುಗೋಲನ್ನು ಮೊಣಕಾಲಿನ ನಡುವೆ ಸಿಕ್ಕಿಸಿಕೊಂಡ. ‘ನೀವು ನಾಡಿ ನೋಡ್ದೆ ಅಂತ್ಲೇ ಏಳಿ ಸಿಸ್ಟರಮ್ಮ. ನಂಗೋಸ್ಕರ.’

ಅವಳಿಗೆ ಆದದ್ದು ಬಿಡುಗಡೆ. ಮೊದಲು ಅದನ್ನು ದುಃಖವೆಂದುಕೊಂಡಳು, ಕಣ್ಣಲ್ಲಿ ನೀರೂ ಬಂತು. ಆದರೆ ಭುಜ ಇಳಿದ ರೀತಿ, ಉಸಿರು ಸಡಿಲವಾದ ರೀತಿ ನೋಡಿಕೊಂಡರೆ ಅದು ಬಿಡುಗಡೆಯೇ. ಇವನೇ ಕೇಳಿದ ಮೇಲೆ ಸುಳ್ಳು ಸುಳ್ಳಲ್ಲ, ಉಪಕಾರ. ಪೆಟ್ಟು ತಿಂದವನ ಕೈಯಿಂದಲೇ ಕ್ಷಮೆಯನ್ನು ಊಟದ ಹಾಗೆ ಬಡಿಸಿಕೊಳ್ಳುತ್ತಿದ್ದೇನೆ ಎಂದು ಅವಳೊಳಗೆ ಯಾರೋ ಹೇಳುತ್ತಿದ್ದರು. ಆ ದನಿ ಜೋರಾಗುವ ಮುಂಚೆ ಫಾದರ್ ಉದಯಕುಮಾರ್ ಬಾಗಿಲಲ್ಲಿ ಕಾಣಿಸಿಕೊಂಡು ಕರೆದರು.

ಒಳಗೆ ಉದ್ದನೆಯ ಮೇಜು. ನಡುವೆ ಮೈಸೂರಿನ ವಯಸ್ಸಾದ ಫಾದರ್, ಅವರ ಎಡಕ್ಕೆ ಬೋಳು ತಲೆಯ ಒಬ್ಬ ಡಾಕ್ಟರ್, ಬಲಕ್ಕೆ ಲ್ಯಾಪ್‌ಟಾಪ್ ಇಟ್ಟುಕೊಂಡ ಯುವ ಕನ್ಯಾಸ್ತ್ರೀ. ಫ್ಯಾನು ತಿರುಗುತ್ತಿತ್ತು. ಹಿರಿಯ ಫಾದರ್ ಎದ್ದು ನಿಂತು ಅವಳಿಗೆ ಕುರ್ಚಿ ತೋರಿಸಿದರು. ಒಬ್ಬ ನರ್ಸಿಗೆ ಯಾರೂ ಎದ್ದು ನಿಂತದ್ದಿಲ್ಲ. ‘ನೀವು ಬೈಬಲ್ ಮುಟ್ಟಬೇಕಾಗಿಲ್ಲ ತಾಯಿ. ನೀವು ನಂಬುವ ದೇವರ ಹೆಸರಿನಲ್ಲಿ ಪ್ರಮಾಣ ಮಾಡಿದರೆ ಸಾಕು’ ಎಂದರು. ಅವಳು ಮಾದಪ್ಪನ ಹೆಸರು ಹೇಳಿದಳು. ಕನ್ಯಾಸ್ತ್ರೀ ಅದನ್ನೂ ಟೈಪ್ ಮಾಡಿದಳು.

ಡಾಕ್ಟರ್ ಕೇಳಿದರು. ಎಷ್ಟು ಹೊತ್ತಿಗೆ ತಂದರು, ಎಷ್ಟು ಹೊತ್ತು ಪರೀಕ್ಷೆ ಮಾಡಿದಿರಿ, ಯಾವ ಕೈ, ಎಷ್ಟು ನಿಮಿಷ. ‘ಬಲಗೈ. ಒಂದು ನಿಮಿಷ. ಆಮೇಲೆ ಕುತ್ತಿಗೆ ಹತ್ರ.’ ಪ್ರಶ್ನೆ ಬಂದ ಹಾಗೆ ಉತ್ತರ ಸಿದ್ಧವಾಗಿ ಬಂತು. ಎರಡು ವರ್ಷ ಕಟ್ಟಿದ ನೆನಪು ಎಲ್ಲೂ ಸೋರಲಿಲ್ಲ. ಮೈ ತಣ್ಣಗಿತ್ತೇ? ತಣ್ಣಗಿತ್ತು. ಡಾಕ್ಟರ್ ರಿಜಿಸ್ಟರಿನ ನಕಲನ್ನು ನೋಡಿ, ಎಲ್ಲ ಹೊಂದುತ್ತದೆ ಎಂಬಂತೆ ಪಕ್ಕಕ್ಕಿಟ್ಟರು. ಇಷ್ಟೇ. ಹದಿನೈದು ನಿಮಿಷವೂ ಆಗಿರಲಿಲ್ಲ. ಎದ್ದು ಹೋಗಬಹುದಿತ್ತು.

ಹಿರಿಯ ಫಾದರ್ ಕನ್ನಡಕ ತೆಗೆದರು. ‘ಒಂದು ಮಾತು ಹೇಳ್ತೀನಿ, ಇದು ಬರೆಯೋದಕ್ಕಲ್ಲ. ನಮ್ಮ ಆ ಇಬ್ಬರು ಸ್ವಾಮಿಗಳು ಯಾರೂ ಮುಟ್ಟದವರನ್ನ ಮುಟ್ಟಿದ್ದಕ್ಕೆ ಸತ್ತರು. ಡಾಕ್ಟರಿಲ್ಲದ ಹೊತ್ತಲ್ಲಿ, ಮಳೇಲಿ, ನೀವು ಒಬ್ಬರೇ ಬಂದು ಇವರನ್ನ ಮುಟ್ಟಿ ನೋಡಿದ್ರಿ. ಯಾವ ಧರ್ಮವಾದರೇನು. ನೀವು ಅವರ ಬಳಗದವರೇ ಅಂತ ನನಗನ್ನಿಸುತ್ತೆ.’

ಅವರು ಒಳ್ಳೆಯ ಮನಸ್ಸಿನಿಂದ ಹೇಳಿದ್ದರು. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಸಂಶಯಪಟ್ಟಿದ್ದರೆ ಇನ್ನೂ ಗಟ್ಟಿಯಾಗಿ ಸುಳ್ಳು ಹೇಳುತ್ತಿದ್ದಳು. ಹೊರಗೆ ಕೂತವನು ಕೇಳಿಕೊಂಡದ್ದು ನೆನಪಿತ್ತು, ಅವನ ಮಗಳು ಭಾನುವಾರ ಕಲ್ಲು ತೊಳೆಯುವುದು ನೆನಪಿತ್ತು. ಆದರೂ ಬಾಯಿ ಅವಳ ಮಾತು ಕೇಳಲಿಲ್ಲ.

‘ನಾನು ಮುಟ್ಲಿಲ್ಲ ಸ್ವಾಮಿ’ ಎಂದಳು.

ಕನ್ಯಾಸ್ತ್ರೀಯ ಬೆರಳುಗಳು ನಿಂತವು. ಡಾಕ್ಟರ್ ಮುಂದಕ್ಕೆ ಬಾಗಿದರು. ‘ಅಂದ್ರೆ?’

‘ಮೆಟ್ಲ ಮೇಲಿಂದ ನೋಡ್ದೆ. ನಾಡಿ ನೋಡ್ಲಿಲ್ಲ. ಉಸ್ರು ನೋಡ್ಲಿಲ್ಲ. ಈಗ ಹೇಳಿದ್ದೆಲ್ಲ ಸುಳ್ಳು. ರಿಜಿಸ್ಟರಲ್ಲಿ ಬರ್ದಿದ್ದೂ ಸುಳ್ಳು.’

‘ಯಾಕೆ ಮುಟ್ಟಲಿಲ್ಲ?’

ಒಪ್ಪತ್ತು, ಮಳೆ, ಡಾಕ್ಟರಿಲ್ಲದ್ದು, ಎಲ್ಲವೂ ನಾಲಿಗೆಯ ತುದಿಗೆ ಸಾಲಾಗಿ ಬಂದು ನಿಂತವು. ಅವಳು ಒಂದೊಂದನ್ನೇ ನೋಡಿ ವಾಪಸು ಕಳಿಸಿದಳು. ‘ಟೆಂಪೋ ಯಾವ ಊರಿಂದು ಅಂತ ಗೊತ್ತಿತ್ತು. ಪಾಳ್ಯದವರು ಅಂತ ಗೊತ್ತಿತ್ತು. ಅದಕ್ಕೆ’ ಎಂದಳು.

ಗೋಡೆಗೆ ಒರಗಿ ನಿಂತಿದ್ದ ಫಾದರ್ ಉದಯಕುಮಾರ್ ಪಾಳ್ಯದಲ್ಲೇ ಹುಟ್ಟಿ ಬೆಳೆದವರು. ಅವರು ಅವಳನ್ನೇ ನೋಡುತ್ತಿದ್ದರು, ಕೋಪದಿಂದಲ್ಲ, ತನಗೆ ಮೊದಲೇ ತಿಳಿದಿರಬೇಕಿತ್ತು ಎನ್ನುವವರಂತೆ. ಆಮೇಲೆ ಕಿಟಕಿಯ ಕಡೆ ತಿರುಗಿಕೊಂಡರು. ಹಿರಿಯ ಫಾದರ್ ಮಾತ್ರ, ‘ಇದನ್ನ ಬರೆದುಕೊಳ್ಳಿ ಸಿಸ್ಟರ್, ಅವರು ಹೇಳಿದ ಹಾಗೇ’ ಎಂದು ಕನ್ಯಾಸ್ತ್ರೀಗೆ ಹೇಳಿದರು. ಪ್ರಿಂಟು ಬಂತು. ಯಶೋದ ಸಹಿ ಹಾಕಿದಳು. ಕುರ್ಚಿಯಿಂದ ಎದ್ದಾಗ ಈ ಸಲ ಯಾರೂ ಏಳಲಿಲ್ಲ.

ಹೊರಗೆ ಬಿಸಿಲು ಕಣ್ಣಿಗೆ ರಾಚಿತು. ಸವರಿಮುತ್ತು ಬೆಂಚಿನ ಮೇಲೆಯೇ ಇದ್ದ. ಅವಳು ನಡೆದು ಬಂದ ರೀತಿಯಲ್ಲೇ ಅವನಿಗೆ ಗೊತ್ತಾಗಿರಬೇಕು.

‘ಏಳ್ಬುಟ್ರಾ?’

‘ಏಳ್ಬುಟ್ಟೆ.’

ಅವನು ಬಯ್ಯಲಿ ಎಂದು ಕಾದಳು. ಊರುಗೋಲು ಎತ್ತಿದರೂ ಸರಿ, ಕದಲಬಾರದು ಎಂದುಕೊಂಡಳು; ಅದರಲ್ಲೂ ಒಂದು ಸ್ವಾರ್ಥವಿತ್ತು, ಹೊಡೆಸಿಕೊಂಡು ಮನೆಗೆ ಹೋಗುವ ಸ್ವಾರ್ಥ. ಅವನು ಅದನ್ನೂ ಕೊಡಲಿಲ್ಲ. ಕೆಳಗೆ ನೆಲ ನೋಡುತ್ತ ಕೂತ. ಆಚೆ ಕಟಕಟೆಯ ಹತ್ತಿರ ಹೆಂಗಸರು ತಮಿಳಿನಲ್ಲಿ ಜಪ ಹೇಳುತ್ತಿದ್ದರು. ಅವರಿಗಿನ್ನೂ ಏನೂ ಗೊತ್ತಿರಲಿಲ್ಲ.

‘ಅವಳ ವಿಷ್ಯ ಏನಾರ ಕೇಳಿದ್ರಾ?’ ಎಂದ ಕೊನೆಗೆ.

ಯಶೋದ ನೆನಪು ಮಾಡಿಕೊಂಡಳು. ಯಾವ ಕೈ, ಎಷ್ಟು ನಿಮಿಷ. ಎಲ್ಲ ಬದುಕಿದವನ ಬಗ್ಗೆ. ಪಕ್ಕದಲ್ಲಿ ಇನ್ನೊಂದು ದೇಹ ಇತ್ತೆಂಬುದು ಒಂದು ಪ್ರಶ್ನೆಯಲ್ಲೂ ಬಂದಿರಲಿಲ್ಲ. ಅವಳೂ ತಾನಾಗಿ ಹೇಳಿರಲಿಲ್ಲ. ಇಡೀ ನಿಜ ಹೇಳಿದೆನೆಂದುಕೊಂಡು ಹೊರಗೆ ಬಂದಿದ್ದಳು.

‘ಇಲ್ಲ’ ಎಂದಳು.

‘ನನ್ನೂ ಕೇಳ್ಲಿಲ್ಲ. ಎರಡು ಗಂಟೆ ಕೂರ್ಸಿದ್ರು, ಅವಳ ಎಸ್ರು ಸೈತ ಕೇಳ್ಲಿಲ್ಲ.’

ಅವನು ಊರುಗೋಲು ಊರಿ ಎದ್ದ. ಕಾಲು ಎಳೆಯುತ್ತ, ಯಾರನ್ನೂ ಕೇಳದೆ, ಬಾಗಿಲು ತಳ್ಳಿಕೊಂಡು ಒಳಗೆ ಹೋದ. ಬಾಗಿಲು ಪೂರ್ತಿ ಮುಚ್ಚಿಕೊಳ್ಳಲಿಲ್ಲ. ಯಶೋದ ಜಗುಲಿಯವರೆಗೆ ಹಿಂದೆಯೇ ಹೋಗಿ ಗೋಡೆಗೆ ಆತು ನಿಂತಳು.

‘ನಂದು ನೆನ್ನೆ ಅರ್ಧ ಆಯ್ತು ಫಾದರ್. ಇನ್ನರ್ಧ ಬರ್ಕಳಿ’ ಎಂದ ದನಿ ಕೇಳಿತು. ‘ನನ್ ಎಂಡ್ತಿ ಎಸ್ರು ಸಗಾಯಮೇರಿ. ಮೂವತ್ತೊಂಬತ್ತು ವರ್ಷ. ಆಸ್ಪತ್ರೆ ಬಾಗ್ಲಲ್ಲಿ ಅವಳು ಉಸ್ರಾಡ್ತಿದ್ಲು.’

ಕುರ್ಚಿ ಸರಿದ ಸದ್ದು. ಡಾಕ್ಟರ ದನಿ, ಮೆತ್ತಗೆ: ‘ನಿಮಗೆ ಹೇಗೆ ಗೊತ್ತು?’

‘ನಂಗೆ ಕೇಳ್ತಿತ್ತು. ನಿಧಾನಕ್ಕೆ, ಗೊರಗೊರ ಅಂತ. ಟೆಂಪೋ ತಿರುಗ್ಸಿದಾಗ್ಲೂ ಇತ್ತು. ಹಳ್ಳ ಇಳ್ದು ಅತ್ತುವಾಗ ಒಂದ್ಸಲ ನಿಂತು ಮತ್ತೆ ಶುರುವಾಯ್ತು. ನಾನು ಕೂಗ್ತಾ ಇದ್ದೆ, ಬಾಯಿ ಬರ್ಲಿಲ್ಲ. ತಂತಿ ಬೇಲಿ ತಾವ ಬಂದಾಗ್ಲೂ ಇತ್ತು.’

‘ಆಮೇಲೆ?’

ಯಶೋದ ಕಣ್ಣು ಮುಚ್ಚಿದಳು. ಆಸ್ಪತ್ರೆಯಿಂದ ತಂತಿ ಬೇಲಿಗೆ ಆರು ಕಿಲೋಮೀಟರು. ಮಳೆಯಲ್ಲಿ, ಆ ರಸ್ತೆಯಲ್ಲಿ, ಇಪ್ಪತ್ತು ನಿಮಿಷ.

‘ಆಮೇಲೆ ಟಾರ್ಪಾಲ್ ಮೇಲೆ ಮಳೆ ಜೋರಾಯ್ತು ಫಾದರ್’ ಎಂದ ಸವರಿಮುತ್ತು. ‘ಕೇಳ್ಲಿಲ್ಲ.’